ಗೋಕರ್ಣದಿಂದ ತದಡಿಗೆ ಗುಡ್ಡದ ದಾರಿ, ಜೊತೆಗೆ ಮಿರ್ಜಾನ ಕೋಟೆ: ಯಾವ ಕ್ರಮದಲ್ಲಿ ನಡೆದರೆ ಒಳ್ಳೆಯದು?

ಘಟ್ಟದ_ಮೇಲಿನವ (ಪ್ರಶ್ನೆ)

ಡಿಸೆಂಬರ್‌ನಲ್ಲಿ ಶಿರಸಿಯಿಂದ ಆರು ಜನ ಇಳಿಯುತ್ತಿದ್ದೇವೆ. ಚಿಕ್ಕವನಿಗೆ 12 ವರ್ಷ, ಹಿರಿಯರೆಂದರೆ ಅತ್ತೆ, ಅವರಿಗೆ 61. ಎಲ್ಲರೂ ಬೆಟ್ಟ-ಬ್ಯಾಣ ತಿರುಗಿ ರೂಢಿ ಇರುವವರೇ, ದಿನಕ್ಕೆ 8–10 ಕಿ.ಮೀ. ನಡಿಗೆ ಯಾರಿಗೂ ಹೊಸತಲ್ಲ. ಅತ್ತೆಗೆ ಮಾತ್ರ ಇಳಿಜಾರಿನಲ್ಲಿ ಬಲ ಮಂಡಿ ನೋಯುತ್ತದೆ, ಏರುವಾಗ ಏನೂ ಇಲ್ಲ.

ಯೋಚನೆ ಹೀಗಿದೆ: ಗೋಕರ್ಣದ ದೊಡ್ಡ ಬೀಚಿನಿಂದ ಹೊರಟು ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ದಾಟಿ ಬೇಲೆಕಾನ, ಅಲ್ಲಿಂದ ತದಡಿ. ಸಂಜೆಯೊಳಗೆ ಮಿರ್ಜಾನ ಕೋಟೆಯನ್ನೂ ನೋಡಬೇಕು. ಕೇಳಬೇಕಾದದ್ದು ಇಷ್ಟು:

1. ಗೋಕರ್ಣದಿಂದ ತದಡಿಗೋ, ತದಡಿಯಿಂದ ಗೋಕರ್ಣಕ್ಕೋ?
2. ಭರತ-ಇಳಿತದ ಲೆಕ್ಕ ನೋಡಲೇಬೇಕಾ? ದಾರಿ ಗುಡ್ಡದ ಮೇಲೇ ಹೋಗುತ್ತದಲ್ಲ?
3. ನಡುವೆ ಯಾರಿಗಾದರೂ ಆಗದಿದ್ದರೆ ಎಲ್ಲಿ ಬಿಡಬಹುದು?
4. ಕಾಲಿಗೆ ಶೂ ಹಾಕಬೇಕಾ, ಪಟ್ಟಿ ಚಪ್ಪಲಿ ಸಾಕಾ? ನೀರು ಎಷ್ಟು ಹೊರಬೇಕು?

ತದಡಿ_ದಕ್ಕೆ

ಗೋಕರ್ಣದಿಂದ ದಕ್ಷಿಣಕ್ಕೇ ನಡೆಯಿರಿ. ಈ ತೀರಗಳು ಹೆಚ್ಚುಕಡಿಮೆ ಪಶ್ಚಿಮಕ್ಕೆ ಮುಖ ಮಾಡಿವೆ, ಬೆನ್ನಿಗೆ ಗುಡ್ಡ. ಡಿಸೆಂಬರ್‌ನಲ್ಲಿ 6.50ರ ಸುಮಾರಿಗೆ ಸೂರ್ಯ ಹುಟ್ಟಿದರೂ ಮರಳಿನ ಮೇಲೆ ಬಿಸಿಲು ಬೀಳುವುದಕ್ಕೆ ಇನ್ನೂ ಹೊತ್ತು ಹಿಡಿಯುತ್ತದೆ. ಆ ನೆರಳಿನ ಹೊತ್ತನ್ನು ಕುಡ್ಲೆ ಮತ್ತು ಓಂ ದಾಟುವುದಕ್ಕೆ ಬಳಸಿ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ರಸ್ತೆ, ಅಂಗಡಿ, ಆಟೋ ಇರುವ ಭಾಗ ಮೊದಲು ಬರುತ್ತದೆ, ಏನೂ ಇಲ್ಲದ ಭಾಗ ಆಮೇಲೆ. ಓಂ ಬೀಚು ಮುಟ್ಟುವ ಹೊತ್ತಿಗೆ ಅಂದು ಯಾರ ಕಾಲು ಹೇಗಿದೆ ಎಂಬುದು ಗೊತ್ತಾಗಿರುತ್ತದೆ. ತದಡಿಯಿಂದ ಹೊರಟರೆ ಅದು ಗೊತ್ತಾಗುವುದು ಹಾಫ್ ಮೂನ್‌ನಲ್ಲಿ, ಅಲ್ಲಿಂದ ಹೊರಬರಲು ಕಾಲುದಾರಿ ಅಥವಾ ದೋಣಿ ಬಿಟ್ಟರೆ ಬೇರೆ ಗತಿ ಇಲ್ಲ.

ನಿಮ್ಮ ಗುಂಪಿಗೆ ನಾನು ಹಾಕುವ ಲೆಕ್ಕ ಇದು. ವಿಶ್ರಾಂತಿ ಸೇರಿಸಿಲ್ಲ.

ದೊಡ್ಡ ಬೀಚಿನ ದಕ್ಷಿಣ ತುದಿಯಲ್ಲಿ ರಾಮ ಮಂದಿರ, ರಾಮತೀರ್ಥದ ಒರತೆ. ಅಲ್ಲಿಂದ ಮೆಟ್ಟಿಲು ಹತ್ತಿ ಗುಡ್ಡದ ಬಯಲಿಗೆ ಬಂದು ಕುಡ್ಲೆಗೆ ಇಳಿಯಲು 30 ನಿಮಿಷ. ಕುಡ್ಲೆಯ ಮರಳು ಉದ್ದಕ್ಕೆ 15 ನಿಮಿಷ. ದಕ್ಷಿಣದ ಗುಡ್ಡ ಏರಿ ಓಂ ಬೀಚಿಗೆ 25. ಓಂ ಬೀಚಿನ ಎರಡು ಬಿಲ್ಲುಗಳ ನಡುವಿನ ಬಂಡೆ ದಾಟಿ ಆಚೆ ತುದಿಗೆ 20. ಅಲ್ಲಿಂದ ಕುರುಚಲು ಕಾಡಿನೊಳಗೆ ಹಾಫ್ ಮೂನ್‌ಗೆ 30. ಹಾಫ್ ಮೂನ್‌ನಿಂದ ಪ್ಯಾರಡೈಸ್ 40, ಇಡೀ ದಾರಿಯಲ್ಲಿ ಕಷ್ಟದ ತುಂಡು ಇದೇ. ಪ್ಯಾರಡೈಸ್‌ನಿಂದ ಬೇಲೆಕಾನಕ್ಕೆ ಮತ್ತೆ 40. ಬೇಲೆಕಾನದಿಂದ ತದಡಿಗೆ ಸುಮಾರು 3 ಕಿ.ಮೀ. ಊರ ರಸ್ತೆ, ಅದನ್ನು ಆಟೋದಲ್ಲಿ ಮುಗಿಸಿದರೂ ನಷ್ಟವಿಲ್ಲ. ಒಟ್ಟು ನಡಿಗೆ ನಾಲ್ಕು ತಾಸಿನ ಹತ್ತಿರ. ನಿಲ್ಲುತ್ತಾ, ತಿನ್ನುತ್ತಾ, ಹುಡುಗ ನೀರಿಗಿಳಿಯುತ್ತಾ ಆರು ತಾಸು ಹಿಡಿಯಿರಿ.

ಬಿಡುವ ಜಾಗ: ಕುಡ್ಲೆಗೆ ಮೇಲಿನಿಂದ ರಸ್ತೆ ಇದೆ, ಆದರೆ ಬೀಚಿನಿಂದ ಅಲ್ಲಿಗೆ ಚೂಪು ಏರು. ಓಂ ಬೀಚಿನ ಉತ್ತರ ತುದಿಯವರೆಗೂ ವಾಹನ ಬರುತ್ತದೆ, ಬಿಡುವುದಾದರೆ ಅಲ್ಲೇ ಬಿಡಿ. ಹಂಗಾಮಿನಲ್ಲಿ ಓಂ ಬೀಚಿನಿಂದ ಹಾಫ್ ಮೂನ್, ಪ್ಯಾರಡೈಸ್ ಕಡೆಗೆ ದೋಣಿ ಹೋಗುತ್ತವೆ. ಅತ್ತೆಯವರು ಕಷ್ಟದ ತುಂಡನ್ನು ದೋಣಿಯಲ್ಲಿ ದಾಟಿ ನಿಮ್ಮನ್ನು ಪ್ಯಾರಡೈಸ್‌ನಲ್ಲಿ ಸೇರಿಕೊಳ್ಳಬಹುದು. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ.

ಈಗ ಎರಡನೇ ಪ್ರಶ್ನೆ. ದಾರಿ ಗುಡ್ಡದ ಮೇಲಿದೆ ನಿಜ, ಆದರೆ ಪೂರ್ತಿ ಅಲ್ಲ. ಹಾಫ್ ಮೂನ್‌ನಿಂದ ಆಚೆ ನೀರಂಚಿನ ಬಂಡೆಗಳ ಮೇಲೆ ಕಾಲಿಡುವ ಜಾಗಗಳಿವೆ, ಬಂಡೆಗಳ ನಡುವೆ ಸಿಕ್ಕಿಕೊಂಡ ಸಣ್ಣ ಮರಳುಪಟ್ಟಿಗಳೂ ಇವೆ. ಭರತದಲ್ಲಿ ಅವು ಮುಳುಗುತ್ತವೆ. ಆಗ ಜನ ಹಿಂದಕ್ಕೆ ಬರುವ ಬದಲು ದಾರಿಯೇ ಇಲ್ಲದ ಇಳಿಜಾರನ್ನು ಕೈಯೂರಿ ಹತ್ತಲು ಹೋಗುತ್ತಾರೆ, ಅಪಘಾತ ಆಗುವುದು ಅಲ್ಲಿ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತವೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸು ಇಲ್ಲಿ ದೊಡ್ಡ ಭರತ ಬರುವುದು ಬೆಳಿಗ್ಗೆ 11–12ರ ಹೊತ್ತಿಗೆ, ಇಳಿತ ನಸುಕಿನಲ್ಲಿ ಮತ್ತು ಸಂಜೆ. ಅಷ್ಟಮಿಯ ಹೊತ್ತಿಗೆ ಇದು ತಿರುಗುಮುರುಗಾಗಿ, ಇಳಿತ ನಡುಹಗಲಿಗೆ ಬರುತ್ತದೆ. ಅಷ್ಟಮಿಯ ದಿನ ನೀರು ತುಂಬಾ ಕೆಳಗೆ ಇಳಿಯುವುದಿಲ್ಲ, ಆದರೆ ತುಂಬಾ ಏರುವುದೂ ಇಲ್ಲ. ನೀವು ಹಾಫ್ ಮೂನ್ ಮುಟ್ಟುವುದು 10ರಿಂದ 11ರ ಒಳಗೆ. ಹುಣ್ಣಿಮೆಯ ದಿನ ಅದು ನೀರು ಏರಿ ನಿಂತಿರುವ ಹೊತ್ತು, ಅಷ್ಟಮಿಯ ದಿನ ಬಂಡೆ ಬಯಲಾಗಿರುವ ಹೊತ್ತು. ಬೆಳದಿಂಗಳ ಆಸೆಗೆ ಹುಣ್ಣಿಮೆಯ ವಾರಾಂತ್ಯ ನೋಡಿ ಬರುವವರೇ ಹೆಚ್ಚು, ಅವರಿಗೆ ಈ ದಾರಿಯ ಕೆಟ್ಟ ಹೊತ್ತೇ ಸಿಗುತ್ತದೆ.

ತಿಥಿಯ ಲೆಕ್ಕ ಅಂದಾಜಿಗೆ ಮಾತ್ರ. ಹೊರಡುವ ಮುಂಚಿನ ದಿನ ಹೈದರಾಬಾದಿನ ಇನ್‌ಕಾಯ್ಸ್ (ಕಡಲ ಮಾಹಿತಿಯ ಕೇಂದ್ರ ಸರ್ಕಾರಿ ಸಂಸ್ಥೆ) ಕೊಡುವ ಕಾರವಾರದ ಭರತ-ಇಳಿತದ ಪಟ್ಟಿ ನೋಡಿ, ಅಲ್ಲೇ ದೊಡ್ಡ ಅಲೆಯ ಎಚ್ಚರಿಕೆ ಇದೆಯಾ ಎಂದೂ ನೋಡಿ. ಎಚ್ಚರಿಕೆ ಇದ್ದರೆ ಓಂ ಬೀಚಿಗೆ ನಿಲ್ಲಿಸಿ. ಏರಿಳಿತದ ವೇಗವೂ ಒಂದೇ ಸಮ ಇರುವುದಿಲ್ಲ: ಆರು ತಾಸಿನಲ್ಲಿ ಮೊದಲ ತಾಸು ಹನ್ನೆರಡರಲ್ಲಿ ಒಂದು ಪಾಲು ಏರಿದರೆ, ಎರಡನೆಯದರಲ್ಲಿ ಎರಡು ಪಾಲು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು ಪಾಲು. ಇಳಿತ ಮುಗಿದು ಎರಡು ತಾಸಾಗಿದ್ದರೆ ನೀರು ಓಡಿ ಬರುವ ಹೊತ್ತು ಅದು. ಆಗ ಬಂಡೆಯ ದಾರಿ ಹಿಡಿಯಬೇಡಿ, ಮೇಲಿನ ದಾರಿಯಲ್ಲೇ ಹೋಗಿ.

ಚಿರೇಕಲ್ಲು

ಭರತದ ಮಾತು ತದಡಿಯವರು ಹೇಳಿದ್ದಾರೆ. ಕಾಲಡಿಯ ನೆಲದ ಬಗ್ಗೆ ನಾನು ಹೇಳುತ್ತೇನೆ. ಶಿರಸಿ ಕಡೆಯ ಕಾಡಿನ ಮಣ್ಣಿನ ಮೇಲೆ ನಡೆದು ರೂಢಿಯಾದವರು ಎಡವುವುದು ಇದರಲ್ಲೇ.

ಗುಡ್ಡದ ತಲೆಯ ಮೇಲೆ ಹಾಸಿರುವುದು ಚಿರೇಕಲ್ಲು. ಮಳೆ-ಬಿಸಿಲು ಒಂದರ ಮೇಲೊಂದು ಬಂದು ಕಲ್ಲಿನೊಳಗಿನ ಸಿಲಿಕಾ ತೊಳೆದು ಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶ ಉಳಿದು ಆದದ್ದು. 1801ರಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಲ್ಯಾಟಿನ್ನಿನ ಇಟ್ಟಿಗೆ ಎಂಬ ಪದದಿಂದ. ನೆಲದಲ್ಲಿದ್ದಾಗ ಕೊಡಲಿಗೆ ಸಿಗುವಷ್ಟು ಮೆತ್ತಗೆ, ಗಾಳಿ-ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ನಿಮಗೆ ಬೇಕಾದ ವಿಷಯ ಇಲ್ಲಿದೆ: ಗಟ್ಟಿಯಾದದ್ದು ಮೇಲಿನ ಪದರ ಮಾತ್ರ. ಅದರ ಕೆಳಗೆ ಮೆತ್ತನೆಯ ಶೇಡಿ ಮಣ್ಣು. ಅಲೆ ಮತ್ತು ಮಳೆನೀರು ಆ ಮಣ್ಣನ್ನು ಕೆಳಗಿನಿಂದ ಕೊರೆಯುತ್ತವೆ, ಮೇಲಿನ ಚಪ್ಪಡಿ ಸೂರಿನ ಹಾಗೆ ಮುಂದಕ್ಕೆ ಚಾಚಿಕೊಂಡು ನಿಲ್ಲುತ್ತದೆ. ಮೇಲೆ ನಿಂತವರಿಗೆ ಕಾಲಡಿ ಬಂಡೆಯಂತೆ ಗಟ್ಟಿ ಅನಿಸುತ್ತದೆ, ಅಡಿಯಲ್ಲಿ ಏನೂ ಇರುವುದಿಲ್ಲ. ಕೆಳಗೆ ಬಿದ್ದಿರುವ ಮನೆಯಷ್ಟು ದೊಡ್ಡ ಕೆಂಪು ಬಂಡೆಗಳೆಲ್ಲ ಒಂದು ಕಾಲಕ್ಕೆ ಹೀಗೆ ಮೇಲೆ ಚಾಚಿಕೊಂಡಿದ್ದವೇ.

ಗುರುತು ಹಿಡಿಯುವುದು ಹೀಗೆ. ಅಂಚಿಗೆ ಸಮಾನಾಂತರವಾಗಿ ಬಿರುಕು ಕಂಡರೆ, ಬಿರುಕಿನ ಕಡಲ ಕಡೆಯ ನೆಲ ಒಂದು ಬೆರಳು ತಗ್ಗಿದ್ದರೂ, ಅದರ ಆಚೆ ಕಾಲಿಡಬೇಡಿ. ಬಿರುಕಿನಲ್ಲಿ ಹುಲ್ಲು ತುಂಬಿಕೊಂಡು ಮುಚ್ಚಿರುವುದು ಸಾಮಾನ್ಯ, ಹಾಗಾಗಿ ಅಂಚಿಗೆ ಸಾಲಾಗಿ ಬೆಳೆದ ಹುಲ್ಲಿನ ಗೆರೆಯನ್ನೂ ಅನುಮಾನದಿಂದಲೇ ನೋಡಿ. ಬಿರುಕು ಕಾಣದಿದ್ದರೂ ಅಂಚಿನಿಂದ ಕಡಿಮೆ ಎಂದರೆ ನಾಲ್ಕು ಹೆಜ್ಜೆ ಒಳಗಿರಿ. ಫೋಟೋಗೆ ಒಟ್ಟಿಗೆ ಆರು ಜನ ತುದಿಯಲ್ಲಿ ನಿಲ್ಲುವುದಂತೂ ಬೇಡವೇ ಬೇಡ. ಮಳೆಗಾಲದಲ್ಲೂ ಅದು ಮುಗಿದ ಹೊಸದರಲ್ಲೂ ಚಪ್ಪಡಿ ಕಳಚುವ ಸಂಭವ ಹೆಚ್ಚು, ಒಳಗೆ ನೀರು ಕುಡಿದ ಮಣ್ಣು ಭಾರವಾಗಿರುತ್ತದೆ.

ಇನ್ನು ಕಾಲು ಜಾರುವ ವಿಚಾರ. ಇಳಿಜಾರುಗಳಲ್ಲಿ ಚಿರೇಕಲ್ಲು ಪುಡಿಯಾಗಿ ಗುಂಡನೆಯ ಗರಸು ಆಗಿ ಬಿದ್ದಿರುತ್ತದೆ, ಗಟ್ಟಿ ನೆಲದ ಮೇಲೆ ಕಡಲೆಕಾಳು ಚೆಲ್ಲಿದ ಹಾಗೆ. ಹಿಮ್ಮಡಿ ಊರಿ ಇಳಿದರೆ ಕಾಲು ಮುಂದಕ್ಕೆ ಓಡುತ್ತದೆ. ಮಂಡಿ ಸ್ವಲ್ಪ ಮಡಚಿ, ಇಡೀ ಪಾದ ಒಟ್ಟಿಗೆ ಊರಿ, ಚಿಕ್ಕ ಚಿಕ್ಕ ಹೆಜ್ಜೆ ಹಾಕಿ. ನೇರ ಇಳಿಯದೆ ಓರೆಯಾಗಿ ಇಳಿಯಿರಿ. ಗರಸು ಇಲ್ಲದ, ತೂತುತೂತಾದ ಬರೀ ಕಲ್ಲು ಎಲ್ಲಿದೆ ಎಂದು ನೋಡಿ ಅಲ್ಲಿ ಹೆಜ್ಜೆ ಇಟ್ಟರೆ ಹಿಡಿತ ತುಂಬಾ ಚೆನ್ನಾಗಿ ಸಿಗುತ್ತದೆ.

ನೀರಂಚಿನಲ್ಲಿ ಲೆಕ್ಕ ಬೇರೆ. ಕಪ್ಪಗೆ ಹೊಳೆಯುವ ಬಂಡೆ, ಹಸಿರು ಪಾಚಿ ಇರುವ ಬಂಡೆ: ಕಾಲಿಡಬೇಡಿ, ಯಾವ ಶೂ ಹಾಕಿದ್ದರೂ ಜಾರುತ್ತದೆ. ಬಿಳಿಯ ಸಣ್ಣ ಚಿಪ್ಪುಗಳು ಅಂಟಿಕೊಂಡಿರುವ ಬಂಡೆಯ ಮೇಲೆ ಹಿಡಿತ ಸಿಗುತ್ತದೆ, ಆದರೆ ಕೈಯೂರಿದರೆ ಬ್ಲೇಡಿನಂತೆ ಕೊಯ್ಯುತ್ತದೆ.

ಪಟ್ಟಿ ಚಪ್ಪಲಿ ಬೇಡ. ಗರಸು ಒಳಗೆ ಸೇರಿ ಪಾದ ಉಜ್ಜುತ್ತದೆ, ಒದ್ದೆಯಾದರೆ ಪಟ್ಟಿಯ ಕೆಳಗೆ ಬೊಬ್ಬೆ ಏಳುತ್ತದೆ. ಬೆರಳು ಮುಚ್ಚುವ, ಅಟ್ಟೆಯಲ್ಲಿ ಆಳವಾದ ಕಚ್ಚು ಇರುವ ಸಾದಾ ಶೂ ಸಾಕು, ದುಬಾರಿಯದು ಬೇಕಾಗಿಲ್ಲ. ಆದರೆ ಕಪಾಟಿನಲ್ಲಿ ನಾಲ್ಕೈದು ವರ್ಷ ಇಟ್ಟ ಶೂ ತೆಗೆದು ಹಾಕಿಕೊಂಡು ಬರಬೇಡಿ. ನಮ್ಮ ಕಡೆಯ ತೇವಕ್ಕೆ ಅಟ್ಟೆಯ ಮೆತ್ತನೆಯ ಪದರವೂ ಅಂಟೂ ಒಳಗೊಳಗೇ ಸತ್ತು ಹೋಗಿರುತ್ತವೆ, ಹೊರಗೆ ಹೊಸದರಂತೆ ಕಾಣುತ್ತದೆ. ಉಪ್ಪುನೀರು, ಕಾದ ಕಲ್ಲು ಎರಡೂ ಸೇರಿ ಎರಡನೇ ತಾಸಿಗೆ ಅಟ್ಟೆ ಬಾಯಿ ಬಿಡುತ್ತದೆ. ಹೊರಡುವ ವಾರ ಮುಂಚೆ ಹಾಕಿ 5 ಕಿ.ಮೀ. ನಡೆದು ನೋಡಿ, ಮುಂಗಾಲಿನ ಅಟ್ಟೆಯನ್ನು ಕೈಯಿಂದ ಮಡಚಿ ನೋಡಿ. ಗುಂಪಿಗೆ ಒಂದರಂತೆ ಎರಡು ಮೀಟರ್ ಸಪೂರ ಹಗ್ಗ, ಒಂದು ಸುರುಳಿ ಬಟ್ಟೆಯ ಟೇಪು ಚೀಲದಲ್ಲಿರಲಿ. ಕಳಚಿದ ಅಟ್ಟೆಯನ್ನು ಬೇಲೆಕಾನದವರೆಗೆ ಕಟ್ಟಿಕೊಂಡು ಹೋಗಲು ಅದು ಸಾಕು.

ಬಾಡದ_ಕಡೆಯವ

ಇಷ್ಟು ದೂರ ಬಂದು ತದಡಿಗೆ ಯಾಕೆ ನಿಲ್ಲಿಸುತ್ತೀರಿ? ತದಡಿಯಿಂದ ಬಾರ್ಜ್‌ನಲ್ಲಿ ಅಘನಾಶಿನಿ ಹೊಳೆ ದಾಟಿದರೆ ಆಚೆ ಅಘನಾಶಿನಿ ಊರು, ಅಲ್ಲಿಂದ ಗುಡ್ಡ ಏರಿ ಕಾಗಾಲ, ಬಾಡ, ಕಡ್ಲೆ, ವನ್ನಳ್ಳಿ, ಕುಮಟಾ. ಈ ಅರ್ಧದಲ್ಲಿ ಜನ ಕಡಿಮೆ, ಬಯಲು ದೊಡ್ಡದು. ಡಿಸೆಂಬರ್‌ನಲ್ಲಿ ಕರಡದ ಹುಲ್ಲು ಹಣ್ಣಾಗಿ ಇಡೀ ಗುಡ್ಡ ಹೊಂಬಣ್ಣಕ್ಕೆ ತಿರುಗಿರುತ್ತದೆ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಅದೇ ಕಲ್ಲಿನ ಮೇಲೆ ಬೆರಳುದ್ದದ ನೀಲಿ, ಬಿಳಿ ಹೂವು ಹಾಸಿಕೊಂಡಿರುತ್ತವೆ. ಗೋಕರ್ಣದ ಬದಿಗಿಂತ ಇದೇ ಚಂದ ಎಂದು ನನ್ನ ಅಭಿಪ್ರಾಯ. ಬೆಳಿಗ್ಗೆ ಬೇಗ ಹೊರಟರೆ ಒಂದೇ ದಿನದಲ್ಲಿ ಕುಮಟಾ ಮುಟ್ಟಬಹುದು.

ತದಡಿ_ದಕ್ಕೆ

ಬಾಡದವರೇ, ಚಂದದ ಮಾತು ಒಪ್ಪುತ್ತೇನೆ, ಒಂದೇ ದಿನ ಎಂಬುದನ್ನು ಒಪ್ಪುವುದಿಲ್ಲ. ಇಡೀ ದಾರಿ 20 ಕಿ.ಮೀ. ಮೀರುತ್ತದೆ. ಮರಳು, ಏರಿಳಿತ ಸೇರಿ ತಾಸಿಗೆ ಎರಡೂವರೆ ಕಿ.ಮೀ.ಗಿಂತ ಹೆಚ್ಚು ಈ ಗುಂಪು ಸಾಗದು. ಅಂದರೆ ಬರೀ ನಡಿಗೆಯೇ ಎಂಟು ಒಂಬತ್ತು ತಾಸು. ಬಾರ್ಜಿಗೆ ಕಾಯುವುದು, ಊಟ, ವಿಶ್ರಾಂತಿ ಸೇರಿಸಿ. ಡಿಸೆಂಬರ್‌ನಲ್ಲಿ ಹಗಲು ಇರುವುದೇ ಹನ್ನೊಂದೂಕಾಲು ತಾಸು, 6 ಗಂಟೆ ಕಳೆಯುತ್ತಲೇ ಸೂರ್ಯ ಮುಳುಗುತ್ತಾನೆ. ಕೊನೆಯ ಗುಡ್ಡಗಳನ್ನು ಕತ್ತಲಲ್ಲಿ ಇಳಿಯಬೇಕಾಗುತ್ತದೆ, ಮೇಲೆ ಚಿರೇಕಲ್ಲು ಅವರು ಹೇಳಿದ ಅಂಚು ಬೇರೆ. ಎರಡು ದಿನ ಇದ್ದವರಿಗೆ ಆ ಅರ್ಧ ಇರಲಿ.

ದನದ ದಾರಿಗಳ ವಿಷಯ ಒಂದು ಹೇಳಬೇಕು. ಗುಡ್ಡದ ಬಯಲಿನಲ್ಲಿ ನೂರು ಕಾಲುದಾರಿ ಕಾಣುತ್ತವೆ, ಹೆಚ್ಚಿನವು ದನ ಮೇಯುತ್ತಾ ಮಾಡಿದವು. ಅವು ಕೇದಗೆ ಪೊದೆಗೋ ನೆರಳಿಗೋ ಹೋಗಿ ನಿಂತುಬಿಡುತ್ತವೆ. ಮನುಷ್ಯರು ನಡೆದ ದಾರಿಯಲ್ಲಿ ಸೊಂಟದೆತ್ತರದ ಕೊಂಬೆಗಳೂ ಸವೆದಿರುತ್ತವೆ, ದನದ ದಾರಿಯಲ್ಲಿ ನೆಲ ಸವೆದಿದ್ದರೂ ಎದೆಮಟ್ಟದಲ್ಲಿ ಮುಳ್ಳು ಹಾಗೇ ಇರುತ್ತದೆ. ಹತ್ತು ನಿಮಿಷ ಮುಳ್ಳಿನೊಳಗೇ ಹೋಗುತ್ತಿದ್ದೀರಿ ಎಂದಾದರೆ ತಪ್ಪಿದ್ದೀರಿ, ಬಂದ ದಾರಿಯಲ್ಲೇ ಹಿಂದಕ್ಕೆ ಬನ್ನಿ. ಕಡಲು ಕಾಣುತ್ತದೆ ಎಂದು ನೇರ ಕೆಳಗೆ ಇಳಿಯಬೇಡಿ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಿ, ಗುಡ್ಡದ ಮೇಲೆ ಸಿಗುವ ಸಿಗ್ನಲ್ ಕೆಳಗಿನ ಕೊಲ್ಲಿಗಳಲ್ಲಿ ಸಿಗದೆ ಹೋಗುತ್ತದೆ. ಎಲ್ಲಿಂದಾದರೂ ಫೋನು ಮಾಡಬೇಕಾದರೆ ಮೇಲೆ ಬಯಲಿಗೆ ಹತ್ತಿ 112 ಅಥವಾ 108ಕ್ಕೆ ಮಾಡಿ.

ಮುರುಗಲು

ನೀರು ಮತ್ತು ಅತ್ತೆಯವರ ಮಂಡಿ ಬಗ್ಗೆ.

ದೊಡ್ಡವರಿಗೆ ತಲಾ 3 ಲೀಟರ್, ಹುಡುಗನಿಗೆ 2. ತಾಸಿಗೆ ಅರ್ಧ ಲೀಟರಿನಂತೆ ಆರು ತಾಸು, ಲೆಕ್ಕ ಅಷ್ಟೆ. ಓಂ ಬೀಚಿನವರೆಗೆ ಅಂಗಡಿ ಇವೆ, ಹಾಗಾಗಿ ಗೋಕರ್ಣದಿಂದ ತಲಾ ಒಂದೂವರೆ ಲೀಟರ್ ಹೊತ್ತು ಹೊರಟು ಓಂ ಬೀಚಿನಲ್ಲಿ ಪೂರ್ತಿ ತುಂಬಿಸಿಕೊಳ್ಳಿ. ಅಲ್ಲಿಂದ ಬೇಲೆಕಾನದವರೆಗೆ ನೀರು ಸಿಗುತ್ತದೆಂದು ನಂಬಿ ನಡೆಯಬೇಡಿ. ಹಾಫ್ ಮೂನ್, ಪ್ಯಾರಡೈಸ್‌ನಲ್ಲಿ ಒಮ್ಮೆ ಗುಡಿಸಲು ಅಂಗಡಿ ಇರುತ್ತದೆ, ಒಮ್ಮೆ ಇರುವುದಿಲ್ಲ.

ಬರೀ ನೀರು ಕುಡಿಯುತ್ತಾ ಹೋದರೆ ಬೆವರಿನಲ್ಲಿ ಹೋದ ಉಪ್ಪು ತುಂಬುವುದಿಲ್ಲ, ತಲೆನೋವು, ಕಾಲು ಸೆಳೆತ ಶುರುವಾಗುತ್ತದೆ. ಶಿರಸಿಯವರ ಮನೆಯಲ್ಲಿ ಮುರುಗಲ ಹಣ್ಣಿನ ರಸ ಇರುತ್ತದಲ್ಲ, ಅದಕ್ಕೆ ಉಪ್ಪು ಹಾಕಿ ಒಂದು ಬಾಟಲಿ ತನ್ನಿ. ಅದಲ್ಲದೆ ಪ್ಯಾಕೆಟ್ ಓಆರ್‌ಎಸ್ ನಾಲ್ಕು ಇರಲಿ. ಪ್ಯಾಕೆಟ್ ಮುಗಿದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾ ಚಮಚದ ಅಳತೆ, ಗೀರಿದಷ್ಟೇ, ಗುಡ್ಡೆ ಹಾಕಬಾರದು. ಉಪ್ಪು ಹೆಚ್ಚಾದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಡಿಸೆಂಬರ್ ಎಂದರೆ ಚಳಿ ಎಂದು ಘಟ್ಟದ ಮೇಲಿನವರು ಎಣಿಸುತ್ತಾರೆ. ಬೆಳಿಗ್ಗೆ ನೆಲದ ಕಡೆಯ ಗಾಳಿ ತಂಪಾಗಿಯೇ ಇರುತ್ತದೆ. ಅದು ನಿಂತು ಕಡಲ ಗಾಳಿ ಏಳುವ ನಡುವೆ, 10ರಿಂದ 11.30ರ ಹೊತ್ತಿಗೆ, ಗಾಳಿಯೇ ಇಲ್ಲದ ಒಂದು ಹೊತ್ತು ಬರುತ್ತದೆ. ಆಗ ಮರವಿಲ್ಲದ ಕೆಂಪು ಕಲ್ಲಿನ ಮೇಲೆ ನಿಂತರೆ ಬಿಸಿ ಮೇಲಿಂದಲೂ ಕೆಳಗಿಂದಲೂ ಬರುತ್ತದೆ. ಆ ಹೊತ್ತನ್ನು ಹಾಫ್ ಮೂನ್‌ನ ಮರದ ನೆರಳಿನಲ್ಲಿ ಕಳೆಯಿರಿ, ಬಯಲಿನ ಮೇಲಲ್ಲ. ಯಾರಾದರೂ ಮಾತು ತೊದಲಿದರೆ, ಬೆವರು ನಿಂತು ಚರ್ಮ ಒಣಗಿ ಬಿಸಿಯಾದರೆ, ಅದು ದಣಿವಲ್ಲ. ನೆರಳಿಗೆ ಮಲಗಿಸಿ, ಬಟ್ಟೆ ಸಡಿಲಿಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಹಾಕಿ, ತಡಮಾಡದೆ 108ಕ್ಕೆ ಫೋನ್ ಮಾಡಿ. ಎಚ್ಚರ ಸರಿಯಾಗಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಮಂಡಿ: ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಭಾರ ಹಿಡಿದು ನಿಲ್ಲಿಸಬೇಕಾಗುತ್ತದೆ, ಮಂಡಿಚಿಪ್ಪಿನ ಹಿಂದೆ ಒತ್ತಡ ಬೀಳುವುದು ಆಗಲೇ. ಎರಡು ಕೋಲು ಕೊಡಿ, ಒಂದಲ್ಲ. ಸಮತಟ್ಟಿನಲ್ಲಿ ಮೊಣಕೈ ನೇರ ಕೋನಕ್ಕೆ ಬರುವಷ್ಟು ಉದ್ದ ಇರಲಿ, ಇಳಿಯುವಾಗ ಮೂರು-ನಾಲ್ಕು ಬೆರಳಗಲದಷ್ಟು ಹೆಚ್ಚು ಉದ್ದ ಬೇಕು. ಉದ್ದ ಹೊಂದಿಸಲಾಗದ ಬಿದಿರ ಕೋಲಾದರೆ ಇಳಿಯುವ ಅಳತೆಗೇ ಕತ್ತರಿಸಿ, ಸಮತಟ್ಟಿನಲ್ಲಿ ಕೆಳಗೆ ಹಿಡಿದರಾಯಿತು. ಕೋಲನ್ನು ಮೊದಲು ಕೆಳಗಿನ ಮೆಟ್ಟಿಲಿಗೆ ಊರಿ, ಆಮೇಲೆ ನೋವಿನ ಕಾಲು ಇಳಿಸಿ, ಕೊನೆಗೆ ಗಟ್ಟಿ ಕಾಲು. ಏರುವಾಗ ಗಟ್ಟಿ ಕಾಲು ಮೊದಲು. ಅವರ ಚೀಲ ಬೇರೆಯವರು ಹೊರಲಿ. ಕುಡ್ಲೆಗೆ ಇಳಿಯುವುದು ಮೊದಲ ಪರೀಕ್ಷೆ. ಅಲ್ಲೇ ನೋವು ಶುರುವಾಗಿ ಹತ್ತು ನಿಮಿಷ ಕೂತರೂ ಹೋಗದಿದ್ದರೆ ಹಾಫ್ ಮೂನ್‌ಗೆ ನಡೆಸಬೇಡಿ, ದೋಣಿಯೇ ಸರಿ.

ಈಜುವ ಬಗ್ಗೆ ಒಂದೇ ಮಾತು: ಬಂಡೆ ಮತ್ತು ಮರಳು ಸೇರುವ ಮೂಲೆಯಲ್ಲಿ ಹುಡುಗನನ್ನು ನೀರಿಗೆ ಬಿಡಬೇಡಿ. ದಡಕ್ಕೆ ಬಂದ ನೀರು ಹಿಂದಕ್ಕೆ ಎಳೆದುಕೊಂಡು ಹೋಗುವುದು ಆ ಮೂಲೆಗಳಲ್ಲೇ.

ಘಟ್ಟದ_ಮೇಲಿನವ

ಎಲ್ಲರಿಗೂ ಧನ್ಯವಾದ. ಕುಮಟಾವರೆಗೆ ಹೋಗುವ ಯೋಚನೆ ಇಲ್ಲ. ಪಂಚಾಂಗ ನೋಡಿದೆ, ನಾವು ಹಿಡಿದಿದ್ದ ಶನಿವಾರದ ಮರುದಿನವೇ ಹುಣ್ಣಿಮೆ. ಒಂದು ವಾರ ಮುಂದೆ ಹಾಕಿದರೆ ಅಷ್ಟಮಿಯ ಹತ್ತಿರ ಬರುತ್ತದೆ, ಹಾಗೇ ಮಾಡುತ್ತೇವೆ. ಕೋಟೆಯನ್ನು ನಡಿಗೆ ಮುಗಿಸಿದ ಮೇಲೆ ನೋಡುವುದೋ, ಮೊದಲೋ? ಮತ್ತೆ ನಮ್ಮದು ಎರಡು ಕಾರು.

ಕೊತ್ತಲ

ಕೋಟೆ ಮೊದಲು, ಅದೂ ಹಿಂದಿನ ದಿನ ಸಂಜೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಂದರೆ ಸುಮಾರು 60 ಕಿ.ಮೀ. ಕುಮಟಾದಿಂದ ಗೋಕರ್ಣದ ಕಡೆ ಹೆದ್ದಾರಿ ಹಿಡಿದರೆ 11 ಕಿ.ಮೀ.ಗೆ ಮಿರ್ಜಾನ, ಹೆದ್ದಾರಿಯಿಂದ ಅರ್ಧ ಕಿ.ಮೀ. ಒಳಗೆ ಕೋಟೆ. ನಿಮ್ಮ ದಾರಿಯಲ್ಲೇ ಇದೆ. ಆರು ತಾಸು ನಡೆದು ಬಂದ ಕಾಲಿಗೆ ಕೋಟೆಯ ಮೆಟ್ಟಿಲು ತೋರಿಸಿದರೆ ಅರ್ಧದಷ್ಟು ಜನ ಹೊರಗೇ ಕೂರುತ್ತಾರೆ, ಆ ಕೋಟೆಗೆ ಅದು ಅನ್ಯಾಯ. ಮುಚ್ಚುವ ಹೊತ್ತು ಮೊದಲೇ ವಿಚಾರಿಸಿ, ಕಡಿಮೆ ಎಂದರೆ ಒಂದೂವರೆ ತಾಸು ಇಟ್ಟುಕೊಂಡು ಒಳಗೆ ಹೋಗಿ.

ಸುಮಾರು 10 ಎಕರೆ ಜಾಗ. ಎರಡು ಸುತ್ತು ಗೋಡೆ, ಹೊರಗೆ ಕಂದಕ, ಮೂಲೆಗಳಲ್ಲಿ ಗುಂಡನೆಯ ಕೊತ್ತಲ, ಒಳಗೆ ಬಾವಿಗಳು. ಎಲ್ಲವೂ ಚಿರೇಕಲ್ಲಿನದೇ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಸೇರಿಕೊಂಡಿರುವ ಕೋಟೆ ಇದು. 16ನೇ ಶತಮಾನದ ಉತ್ತರಾರ್ಧದಲ್ಲಿ ಆಳಿದವಳು, ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಘಟ್ಟದ ಕಾಳುಮೆಣಸು ಇಳಿದು ಬಂದು ಅಘನಾಶಿನಿಯ ಹಿನ್ನೀರಿನಿಂದ ಕಡಲಿಗೆ ಹೋಗುತ್ತಿದ್ದ ದಾರಿಯ ಕಾವಲು ಇದು. ಹಾಗಾಗಿ ಕೊತ್ತಲ ಹತ್ತಿದಾಗ ಕಡಲು ಹುಡುಕಬೇಡಿ, ಹೊಳೆಯ ಕಡೆ ನೋಡಿ. ಕೋಟೆ ಅಲ್ಲಿ ಯಾಕಿದೆ ಎಂಬುದು ಆಗ ಅರ್ಥವಾಗುತ್ತದೆ.

ಹಿಂದಿನ ಸಂಜೆ ಇದನ್ನು ನೋಡಿದರೆ ಇನ್ನೊಂದು ಲಾಭ ಇದೆ. ಗೋಡೆಯ ಒಂದು ಕಲ್ಲಿನ ಹತ್ತಿರ ಕೂತು ನೋಡಿ: ಹೆಜ್ಜೇನಿನ ಎರಿಯಂತೆ ತೂತು, ತೂತಿನ ಅಂಚು ಕಡುಕಂದು, ಒಳಗೆ ಹಳದಿ ಮಣ್ಣು. ಬೆರಳಿನಿಂದ ಒತ್ತಿದರೆ ಅಂಚು ಅಲುಗುವುದಿಲ್ಲ, ಒಳಗಿನ ಹಳದಿ ಪುಡಿಯಾಗಿ ಬರುತ್ತದೆ. ಚಿರೇಕಲ್ಲು ಅವರು ಗುಡ್ಡದಂಚಿನ ಬಗ್ಗೆ ಹೇಳಿದ್ದನ್ನು ಹುಡುಗನಿಗೆ ಇಲ್ಲೇ ತೋರಿಸಿಬಿಡಿ, ಮರುದಿನ ತುದಿಗೆ ಓಡಬೇಡ ಎಂದು ಕೂಗುವ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಜಾಗ್ರತೆ ಎರಡು ಕಡೆ. ಗೋಡೆಯ ತಲೆಯ ಮೇಲೆ ಹುಲ್ಲು ಬೆಳೆದು ಅಂಚು ಎಲ್ಲಿ ಮುಗಿಯುತ್ತದೆ ಎಂಬುದು ಕಾಣುವುದಿಲ್ಲ, ನಡುವೆಯೇ ನಡೆಯಿರಿ. ನೆರಳಿನ ಕಡೆಯ ಮೆಟ್ಟಿಲುಗಳಲ್ಲಿ ಮಳೆಗಾಲದ ಹಾವಸೆ ಒಣಗಿ ಕಪ್ಪಾಗಿ ಉಳಿದಿರುತ್ತದೆ, ಇಬ್ಬನಿ ಬಿದ್ದರೆ ಮತ್ತೆ ಜಾರುತ್ತದೆ. ಕಲ್ಲಿನ ಸಂದಿಗೆ ಕೈ ಹಾಕುವುದು ಬೇಡ, ಹಾವಿಗೆ ಅದು ಮನೆ.

ತದಡಿ_ದಕ್ಕೆ

ಎರಡು ಕಾರು ಇದ್ದರೆ ಸುಲಭ. ಕೋಟೆ ನೋಡಿ ಮಾದನಗೇರಿ ಮೇಲೆ ಗೋಕರ್ಣಕ್ಕೆ ಬರುವಾಗ ಕತ್ತಲಾಗುವ ಮೊದಲು ಒಂದು ಕಾರನ್ನು ತದಡಿಯಲ್ಲಿ ನಿಲ್ಲಿಸಿ, ಎಲ್ಲರೂ ಇನ್ನೊಂದರಲ್ಲಿ ಎರಡು ಸಲ ಓಡಾಡಿ ಗೋಕರ್ಣ ಸೇರಿಕೊಳ್ಳಿ. ತದಡಿಯ ಕಾರಿನ ಕೀಲಿ ನಡೆಯುವವರ ಚೀಲದಲ್ಲಿ ಇದೆಯೇ ಎಂದು ಬೆಳಿಗ್ಗೆ ಇನ್ನೊಮ್ಮೆ ನೋಡಿ. ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸಕ್ಕೆ ವಾಹನ ತಡೆದಿದ್ದಾರಾ ಎಂದು ಹೊರಡುವ ದಿನ ಕೇಳಿಕೊಳ್ಳಿ. ಗುಡ್ಡದ ದಾರಿಗೆ ಅನುಮತಿಯೋ ಶುಲ್ಕವೋ ಇದೆಯಾ ಎಂದು ಗೋಕರ್ಣದ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ನಿಯಮ ಬದಲಾಗುತ್ತಿರುತ್ತದೆ.

ಬೆಳಿಗ್ಗೆ 6.45ಕ್ಕೆ ರಾಮತೀರ್ಥದಿಂದ ಹೊರಟರೆ 9ಕ್ಕೆ ಓಂ ಬೀಚಿನಲ್ಲಿ ತಿಂಡಿ, 10ಕ್ಕೆ ಹಾಫ್ ಮೂನ್, ಅಲ್ಲಿ ಒಂದು ತಾಸು ನೆರಳು. 11ಕ್ಕೆ ಬಂಡೆಯ ತುಂಡು ಹಿಡಿಯಿರಿ, ಅಷ್ಟಮಿಯ ಆಸುಪಾಸು ನೀರು ಆಗ ಕೆಳಗಿರುತ್ತದೆ. 12ಕ್ಕೆ ಪ್ಯಾರಡೈಸ್, 1 ಗಂಟೆಗೆ ಬೇಲೆಕಾನ. 11.30 ಆದರೂ ಹಾಫ್ ಮೂನ್ ಮುಟ್ಟಿಲ್ಲ ಎಂದಾದರೆ ಓಂ ಬೀಚಿಗೆ ತಿರುಗಿ.

ತದಡಿಯಲ್ಲಿ ಹೊತ್ತು ಉಳಿದರೆ ಬಾರ್ಜ್‌ನಲ್ಲಿ ಒಂದು ಸಲ ಆಚೆ ಹೋಗಿ ಅದರಲ್ಲೇ ವಾಪಸ್ ಬನ್ನಿ, ಹೊರಡುವ ಮುಂಚೆ ಮರಳುವ ಸಮಯ ಕೇಳಿಕೊಳ್ಳಿ, ಚಿಲ್ಲರೆ ಇಟ್ಟುಕೊಳ್ಳಿ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಯಾವ ಅಣೆಕಟ್ಟೂ ಇಲ್ಲದೆ ಬಂದು ಕಡಲು ಸೇರುವುದು ಆ ಬಾರ್ಜಿನ ಮುಂದೆಯೇ. ಈ ಅಳಿವೆಗೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ನೀರು ಇಳಿದಿದ್ದರೆ ಸೊಂಟಮಟ್ಟ ನೀರಿನಲ್ಲಿ ನಿಂತು ಬೆಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವವರು ಕಾಣುತ್ತಾರೆ, ಬಾರ್ಜಿನ ಎಡಬದಿಯಲ್ಲೂ ಬಲಬದಿಯಲ್ಲೂ ಕಣ್ಣಾಡಿಸಿ.